ನಾನು ಒತ್ತಿಸಿಕೊಂಡ ಹೆಬ್ಬೆಟ್ಟು

ನನ್ನ ಎಂ.ಎ. ಪ್ರಬಂಧದ ಒಂದು ಪ್ರತಿ ಇವತ್ತಿಗೂ ನನ್ನ ಹತ್ತಿರ ಇದೆ. ಕೆಂಪು ರೆಕ್ಸಿನ್ ಹೊದಿಕೆ, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ. ವಿಷಯ, ಗ್ರಾಮೀಣ ಮಹಿಳೆಯರ ರಾಜಕೀಯ ಸಹಭಾಗಿತ್ವ. ನಮ್ಮ ತರಗತಿಯಲ್ಲಿ ಅದಕ್ಕೇ ಎಲ್ಲರಿಗಿಂತ ಹೆಚ್ಚು ಅಂಕ ಬಂದವು. ಸೇಡಂನ ನನ್ನ ಬಾಡಿಗೆ ಕೋಣೆಯಲ್ಲಿ ಅದನ್ನು ಅಲಮಾರಿನ ಮೇಲಿನ ಅರೆಯಲ್ಲಿ, ಹೆಸರು ಕಾಣದ ಹಾಗೆ ಬೆನ್ನು ಗೋಡೆಗೆ ಮಾಡಿ ಇಟ್ಟಿದ್ದೇನೆ. ಅದರ ಕೊನೆಗೆ ನೂರು ಹೆಂಗಸರ ಉತ್ತರಗಳ ಪಟ್ಟಿಯಿದೆ. ಅದರಲ್ಲಿ ನಾಲ್ಕು ಮಾತ್ರ ಅವರ ಉತ್ತರ, ಉಳಿದ ತೊಂಬತ್ತಾರು ನನ್ನವು. ಅಷ್ಟೇ ಆಗಿದ್ದರೆ ನಾನೂ ನನ್ನ ಜೊತೆ ಓದಿದವರ ಹಾಗೆ ನಕ್ಕು ಮರೆತುಬಿಡುತ್ತಿದ್ದೆನೋ ಏನೋ. ಆ ನೂರರಲ್ಲಿ ನಮ್ಮ ಕಾಕಿಯೂ ಒಬ್ಬಳು.

ನಮ್ಮೂರು ಚಿತ್ತಾಪುರ ತಾಲ್ಲೂಕಿನದು. ದಂಡೋತಿಯಿಂದ ಸ್ವಲ್ಪ ಒಳಗೆ, ಕಾಗಿಣಾ ನದಿಯ ಕಡೆಗೆ. ಕಾಕಿ ನಮ್ಮ ಪಕ್ಕದ ಮನೆಯವಳು. ಕಾಕಿ ಎಂದರೆ ಚಿಕ್ಕಮ್ಮ, ಆದರೆ ರಕ್ತ ಸಂಬಂಧವೇನೂ ಇಲ್ಲ, ಎರಡು ಮನೆಗೂ ಒಂದೇ ಗೋಡೆ ಇದ್ದದ್ದರಿಂದ ಕಾಕಿ. ಅವಳ ಗಂಡ ತಾಂಡೂರಿನ ಕಡೆ ಕಲ್ಲಿನ ಕೆಲಸಕ್ಕೆ ಹೋದವನು ಅಲ್ಲೇ ತೀರಿಕೊಂಡಿದ್ದ. ಇದ್ದೊಬ್ಬ ಮಗಳನ್ನು ಚಿಂಚೋಳಿ ಹತ್ತಿರದ ಚಂದಾಪುರಕ್ಕೆ ಕೊಟ್ಟಿದ್ದಳು. ತಾನು ದಿನವೂ ಟೆಂಪೋ ಹತ್ತಿ ಶಹಾಬಾದ ಕಡೆಯ ಪರ್ಸಿ ಖಣಿಗೆ ಹೋಗುತ್ತಿದ್ದಳು. ಮನೆಗಳ ನೆಲಕ್ಕೆ ಹಾಸುತ್ತಾರಲ್ಲ, ಆ ಬೂದು ಬಣ್ಣದ ಪರ್ಸಿ ಕಲ್ಲಿನ ಅಂಚು ಒಡೆದು ಸಮ ಮಾಡುವ ಕೆಲಸ. ವಯಸ್ಸು ಐವತ್ತು ದಾಟಿತ್ತು, ಮೊಣಕಾಲು ಹಿಡಿದುಕೊಳ್ಳುತ್ತಿದ್ದವು.

ಮಗಳು ಬಾ ಬಾ ಎಂದು ಕರೆಯುತ್ತಲೇ ಇದ್ದಳು. ಕಾಕಿ ಹೋಗುತ್ತಿರಲಿಲ್ಲ. "ಅಳಿಯನ ಮನ್ಯಾಗ ಬರಿಗೈಲೆ ಹ್ಯಾಂಗ ಕುಂದರಲಿ? ವಿಧವಾ ಪಗಾರ ಒಂದ ಚಾಲೂ ಆಗಲಿ, ಮರುದಿನಾನೇ ಖಣಿ ಬಿಡ್ತೀನಿ," ಎನ್ನುತ್ತಿದ್ದಳು. ನಮ್ಮ ಕಡೆ ಪಿಂಚಣಿಗೂ ಪಗಾರ ಎಂದೇ ಹೆಸರು. ಗಂಡ ಸತ್ತದ್ದು ಬೇರೆ ರಾಜ್ಯದಲ್ಲಿ. ಅಲ್ಲಿಂದ ಸಾವಿನ ಪ್ರಮಾಣಪತ್ರ ತರಿಸಿಕೊಳ್ಳುವುದರಲ್ಲೇ ಅವಳಿಗೆ ವರ್ಷಗಳು ಕಳೆದಿದ್ದವು.

ನಾನು ಬಿ.ಎ. ಮುಗಿಸಿ, ಮನೆಯಲ್ಲಿ ಒಂದು ವರ್ಷ ಮದುವೆ ಮಾತನ್ನು ಮುಂದೂಡಿಸುತ್ತ, ಎಂ.ಎ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದೆ. ರಾಜ್ಯಶಾಸ್ತ್ರ. ಯಾಕೆ ರಾಜ್ಯಶಾಸ್ತ್ರ ಎಂದು ಕೇಳಿದವರಿಗೆ ದೊಡ್ಡ ದೊಡ್ಡ ಮಾತು ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಕನ್ನಡದಲ್ಲಿ ಬರೆಯಲು ಬಿಡುತ್ತಿದ್ದ, ನನಗೆ ಗಟ್ಟಿಯಾಗಿ ಮಾತಾಡಲು ಬರುತ್ತಿದ್ದ ವಿಷಯ ಅದೊಂದೇ. ಓದುವುದೂ ಗಟ್ಟಿಯಾಗಿಯೇ. ಸಾರ್ವಭೌಮತ್ವದ ಲಕ್ಷಣಗಳು, ಅಧಿಕಾರ ಪ್ರತ್ಯೇಕತೆ, ಬಹುತ್ವವಾದ ಎಂದು ನಾನು ಈ ಕಡೆ ಕೂಗುತ್ತಿದ್ದರೆ ಗೋಡೆಯ ಆ ಕಡೆಯಿಂದ ಕಾಕಿ, "ನಿನ್ನಿ ಐದ ಲಕ್ಷಣ ಹೇಳಿದ್ದಿ, ಇವತ್ತ ನಾಕಕ್ಕೇ ನಿಲ್ಲಿಸಿದಿ ನೋಡು," ಎನ್ನುತ್ತಿದ್ದಳು. ಎಣಿಸಿದರೆ ಅವಳು ಹೇಳಿದ್ದೇ ಸರಿ ಇರುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು.

ಸೀಟು ಸಿಕ್ಕಿತು. ಮೊದಲ ವರ್ಷ ಮನೆಯಿಂದಲೇ ಓಡಾಡಿದೆ. ಬೆಳಗಿನ ಐದೂವರೆಗೆ ಮನೆ ಬಿಟ್ಟು ರಸ್ತೆಗೆ ಬರಬೇಕು, ಅಲ್ಲಿಂದ ಚಿತ್ತಾಪುರಕ್ಕೆ ಬಸ್ಸು, ಚಿತ್ತಾಪುರದಿಂದ ಪ್ಯಾಸೆಂಜರ್ ರೈಲು, ವಾಡಿಯಲ್ಲಿ ಅರ್ಧ ತಾಸು ಸುಮ್ಮನೆ ನಿಲ್ಲುವುದು, ಆಮೇಲೆ ಶಹಾಬಾದ ದಾಟಿ ಮುಂದೆ ವಿಶ್ವವಿದ್ಯಾಲಯದ ಊರಿಗೆ. ಮನೆಯಿಂದ ರಸ್ತೆಯ ತನಕ ಒಂದೂವರೆ ಕಿಲೋಮೀಟರು, ದಾರಿಯುದ್ದಕ್ಕೂ ನಾಯಿಗಳು. ಕಾಕಿಯ ಟೆಂಪೋ ಬರುವುದು ಆರೂವರೆಗೆ. ಆದರೂ ಅವಳು ಒಂದು ತಾಸು ಮೊದಲೇ ನನ್ನ ಜೊತೆ ಎದ್ದು, ಕೈಯಲ್ಲೊಂದು ತೊಗರಿ ಕಟ್ಟಿಗೆ ಹಿಡಿದು, ರಸ್ತೆಯ ತನಕ ಬರುತ್ತಿದ್ದಳು. ನಾನು ಬಸ್ಸು ಹತ್ತಿದ ಮೇಲೆ ಅಲ್ಲೇ ಹಳ್ಳದ ಪುಲ್‌ನ ಕಟ್ಟೆಯ ಮೇಲೆ ಕುಳಿತು ತನ್ನ ಟೆಂಪೋ ಕಾಯುತ್ತಿದ್ದಳು. ವರ್ಷವಿಡೀ ಹೀಗೆ. ಬೇಡ ಎಂದು ನಾನು ಒಂದು ದಿನವೂ ಹೇಳಲಿಲ್ಲ, ಕೃತಜ್ಞತೆಯ ಮಾತೂ ಆಡಲಿಲ್ಲ. ಪಕ್ಕದ ಮನೆಯವರು ಮಾಡಬೇಕಾದ್ದೇ ಅದು ಎನ್ನುವ ಹಾಗೆ ನಡೆಯುತ್ತಿದ್ದೆ.

"ಇವತ್ತ ಏನ ಕಲಸ್ತಾರ?" ಎಂದು ದಾರಿಯಲ್ಲಿ ಕೇಳುತ್ತಿದ್ದಳು.

"ರಾಜ್ಯ ಹ್ಯಾಂಗ ಹುಟ್ಟಿತು ಅಂತ."

"ಅದಕ್ಕ ಎರಡ ವರ್ಷ ಬೇಕೇನ?"

ಈ ಮಾತನ್ನು ನಾನು ತರಗತಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ. ಕಾಕಿಯ ಮಾತು ಎಂದು ಹೇಳಲಿಲ್ಲ, ನನ್ನದೇ ಎಂಬಂತೆ ಹೇಳಿದೆ. ಸಣ್ಣ ಕಳ್ಳತನ. ದೊಡ್ಡದಕ್ಕೆ ರೂಢಿ ಹೀಗೇ ಆಗುತ್ತದೆಯೇನೋ.

ಎರಡನೆಯ ವರ್ಷ ಹಾಸ್ಟೆಲ್ ಸಿಕ್ಕಿತು. ಕೊನೆಯ ಸೆಮಿಸ್ಟರಿಗೆ ಪ್ರಬಂಧ ಬರೆಯಬೇಕಿತ್ತು. ಅದಕ್ಕೆ ನೂರು ಜನರಿಗೆ ಪ್ರಶ್ನಾವಳಿ ಕೊಟ್ಟು ಉತ್ತರ ತುಂಬಿಸಿಕೊಂಡು ಬರಬೇಕು. ನಾಲ್ಕು ಪುಟದ ಪ್ರಶ್ನೆ, ಕೊನೆಯಲ್ಲಿ ಸಹಿ ಅಥವಾ ಹೆಬ್ಬೆಟ್ಟು. ನನ್ನ ಜೊತೆಯವರು ಬಹಳ ಮಂದಿ ಊರ ಮುಖವನ್ನೇ ನೋಡಲಿಲ್ಲ. ವಾಡಿಯಿಂದ ಶಹಾಬಾದ ಮುಟ್ಟುವುದರೊಳಗೆ ರೈಲಿನಲ್ಲೇ, ನೀಲಿ ಪೆನ್ನು ಕಪ್ಪು ಪೆನ್ನು ಬದಲಿಸುತ್ತ, ಎಡಗೈಯಲ್ಲಿ ಒಮ್ಮೆ ಬಲಗೈಯಲ್ಲಿ ಒಮ್ಮೆ ಸಹಿ ಹಾಕುತ್ತ ನೂರು ಜನರನ್ನು ಹುಟ್ಟಿಸಿಬಿಡುತ್ತಿದ್ದರು. ನಾನು ಅವರನ್ನು ಕಂಡು ಮುಖ ಸಿಂಡರಿಸುತ್ತಿದ್ದೆ. ನನ್ನದು ಖರೆ ಕೆಲಸ, ನಾನು ಊರಿಗೆ ಹೋಗುತ್ತೇನೆ, ಖರೆ ಹೆಂಗಸರನ್ನು ಕೇಳುತ್ತೇನೆ ಎಂಬ ಸೊಕ್ಕು.

ಈಗ ಅನ್ನಿಸುತ್ತದೆ, ಅವರ ಸುಳ್ಳಿನಿಂದ ಯಾರಿಗೂ ಏನೂ ಆಗಲಿಲ್ಲ. ಇಲ್ಲದ ಜನರಿಗೆ ಏನಾಗಬೇಕು?

ತೊಗರಿ ರಾಶಿ ಮುಗಿಯುತ್ತಿದ್ದ ದಿನಗಳು. ಮೂರು ದಿನದ ರಜೆ ಹಾಕಿ, ಪ್ರಶ್ನಾವಳಿಯ ಕಟ್ಟು ಹೊತ್ತು ಊರಿಗೆ ಬಂದೆ. ಮೊದಲ ದಿನ ಓಣಿಯಲ್ಲಿ ಮನೆ ಮನೆಗೆ ಹೋದೆ. ನಾಲ್ಕೇ ನಾಲ್ಕು ಮಂದಿ ಕುಳಿತು ಉತ್ತರ ಹೇಳಿದರು. ನನ್ನ ಪ್ರಶ್ನೆಗಳೂ ಹಾಗೇ ಇದ್ದವು. ನಿಮ್ಮ ರಾಜಕೀಯ ಅರಿವಿನ ಮಟ್ಟ ಹೆಚ್ಚೋ, ಸಾಧಾರಣವೋ, ಕಡಿಮೆಯೋ? ಎಂದು ಕೇಳಿದರೆ ಯಾರು ಏನು ಹೇಳಬೇಕು? ಒಬ್ಬಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇನ್ನೊಬ್ಬಳು ರೊಟ್ಟಿ ಹೊತ್ತುತ್ತದೆ ಎಂದು ಎದ್ದೇ ಹೋದಳು. ಸಂಜೆಗೆ ನನ್ನ ಗಂಟಲು ಒಣಗಿತ್ತು. ಸೋಮವಾರಕ್ಕೆ ನೂರೂ ಹಾಳೆ ಮೇಜಿನ ಮೇಲೆ ಇರಬೇಕೆಂದು ಮಾರ್ಗದರ್ಶಕರು ಹೇಳಿದ್ದರು.

ಎರಡನೆಯ ದಿನ ಬೆಳಿಗ್ಗೆ ನಮ್ಮ ಮನೆಯ ಕಟ್ಟೆಯ ಮೇಲೆ ಹಾಳೆ ಹರಡಿಕೊಂಡು ಕುಳಿತಿದ್ದೆ. ಪಕ್ಕದಲ್ಲಿ ಇಂಕಿನ ಪ್ಯಾಡು. ನೀರು ತರಲು ಹೊರಟಿದ್ದ ಇಬ್ಬರು ಹೆಂಗಸರು ನಿಂತರು.

"ಯಾವ ಸ್ಕೀಮಿನ ಫಾರಮ್ ತಂಗಿ?" ಎಂದು ಒಬ್ಬಳು ಕೇಳಿದಳು.

ನಾನು ಬಾಯಿ ತೆರೆಯುವುದರೊಳಗೆ ಇನ್ನೊಬ್ಬಳೇ ಉತ್ತರ ಕೊಟ್ಟಳು. "ಮನಿದ್ದು ಇರ್ಬೇಕು. ಇಲ್ಲಾ ಪಗಾರದ್ದು. ನಮ್ಮ ಹುಡುಗಿ ಓದ್ಲಿಕತ್ತಾಳಲ್ಲ, ಆಕಿಗೇ ಕೊಟ್ಟು ಕಳಸ್ಯಾರ."

ಅಲ್ಲ ಎನ್ನಬೇಕಿತ್ತು. ಒಂದೇ ಶಬ್ದ. ನಾನು ಸುಮ್ಮನೆ ಇಂಕಿನ ಪ್ಯಾಡಿನ ಮುಚ್ಚಳ ತೆಗೆದೆ. ಅವಳು ಕೊಡ ಕೆಳಗಿಟ್ಟು ಕೈ ಚಾಚಿದಳು.

ನಮ್ಮ ಕಡೆ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಏನೋ ಬರುತ್ತದೆ ಎಂದೇ ಅರ್ಥ. ಅಕ್ಕಿ ಬರುತ್ತದೆ, ಕೂಲಿ ಬರುತ್ತದೆ, ಗ್ಯಾಸು ಬರುತ್ತದೆ. ಸುಮ್ಮನೆ ಓದಿನ ಸಲುವಾಗಿ ಯಾರಾದರೂ ಹೆಬ್ಬೆಟ್ಟು ಕೇಳುತ್ತಾರೆ ಎನ್ನುವುದು ಅವರ ಅನುಭವದಲ್ಲೇ ಇರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ನಾನು ಅದೇ ಊರಲ್ಲಿ ಹುಟ್ಟಿದವಳು. ಒಂದು ತಾಸಿನಲ್ಲಿ ನಮ್ಮ ಬಾಗಿಲಿಗೆ ಸಾಲು ನಿಂತಿತು. ತೊಗರಿ ಕಣ ಬಿಟ್ಟು ಬಂದವರಿದ್ದರು, ಅರ್ಧ ದಿನದ ಕೂಲಿ ಬಿಟ್ಟವರಿದ್ದರು. ಆಧಾರ್ ಝೆರಾಕ್ಸು, ರೇಷನ್ ಕಾರ್ಡು ಹಿಡಿದುಕೊಂಡು ಬಂದಿದ್ದರು. ಝೆರಾಕ್ಸು ಬೇಡ ಎಂದೆ. ಬೇಡ ಎಂದರೆ ಅವರ ಮುಖ ಸಣ್ಣದಾಗುತ್ತಿತ್ತು, ಸಾಲು ಅಲುಗಾಡುತ್ತಿತ್ತು. ಆಮೇಲೆ ಅದನ್ನೂ ತೆಗೆದುಕೊಂಡು ಹಾಳೆಗೆ ಪಿನ್ ಹೊಡೆದೆ. ಪ್ರಶ್ನೆ ಕೇಳುವ ಗೋಜಿಗೆ ಹೋಗಲಿಲ್ಲ. ಹೆಸರು, ವಯಸ್ಸು, ಹೆಬ್ಬೆಟ್ಟು, ಮುಂದಿನವರು.

ಅವ್ವ ಒಳಗಿನಿಂದ ಕರೆದಳು. ಒಲೆಯ ಮುಂದಿನಿಂದ ಏಳದೆ, ಮೆಲ್ಲಗೆ ಹೇಳಿದಳು. "ಅವರಿಗಿ ಖರೆ ಹೇಳಿಬಿಡು. ಸುಳ್ಳೇ ಆಸೆ ಹಚ್ಚಬ್ಯಾಡ."

"ನಾ ಏನ ಹೇಳೀನಿ? ಅವರೇ ತಿಳಕೊಂಡ್ರ ನಾ ಏನ ಮಾಡ್ಲಿ? ನಿಂಗ ಗೊತ್ತಾಗಲ್ಲ, ಸುಮ್ಕಿರು."

ಅವ್ವ ಸುಮ್ಮನಾದಳು. ಎಂ.ಎ. ಓದುವ ಮಗಳ ಮುಂದೆ ಆಕೆ ಆಗಾಗ ಸುಮ್ಮನಾಗಿಬಿಡುತ್ತಿದ್ದಳು. ಆ ಸುಮ್ಮನಾಗುವಿಕೆಯನ್ನು ನಾನು ಒಪ್ಪಿಗೆ ಎಂದೇ ಲೆಕ್ಕ ಹಿಡಿಯುತ್ತಿದ್ದೆ.

ಕಾಕಿ ಬಂದದ್ದು ಮೂರನೆಯ ದಿನ, ಭಾನುವಾರ. ಹಿಂದಿನ ದಿನ ಖಣಿಯಿಂದ ಬಂದ ಮೇಲೆ ಸುದ್ದಿ ತಿಳಿದು, ಬೆಳಿಗ್ಗೆಯೇ ಚಿತ್ತಾಪುರಕ್ಕೆ ಹೋಗಿ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡು ಬಂದಿದ್ದಳು. ತಾಂಡೂರಿನಿಂದ ಅಂತೂ ಬಂದಿದ್ದ ಸಾವಿನ ಪ್ರಮಾಣಪತ್ರದ ನಕಲೂ ಜೊತೆಗಿತ್ತು. ಫೋಟೋದಲ್ಲಿ ತಲೆಯ ಮೇಲೆ ಸೆರಗು ಹೊದ್ದು, ಯಾರೋ ಗದರಿಸಿದ ಹಾಗೆ ಕಣ್ಣು ಅಗಲ ಮಾಡಿದ್ದಳು.

"ನಂದ ಮ್ಯಾಲ ಇಡು," ಎಂದಳು. "ಎಲ್ಲಾರ ಕಾಗದದ ಮ್ಯಾಲ ನಂದ ಇಡು. ಭಾಳ ದಿನ ಆಯ್ತು."

ಅವಳಿಗಾದರೂ ಹೇಳಬಹುದಿತ್ತು. ಗೋಡೆಯಾಚೆಯವಳು, ವರ್ಷವಿಡೀ ನನ್ನನ್ನು ಬಸ್ಸಿಗೆ ಮುಟ್ಟಿಸಿದವಳು. ಆದರೆ ಆಗ ತೊಂಬತ್ತೆಂಟಾಗಿತ್ತು, ಕಟ್ಟೆಯ ಸುತ್ತ ಇನ್ನೂ ಹೆಂಗಸರು ನಿಂತಿದ್ದರು. ಅವಳ ಬಲಗೈ ಹಿಡಿದು ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿ ಹಾಳೆಗೆ ಒತ್ತಿದೆ. ಕಲ್ಲು ಹಿಡಿದು ಹಿಡಿದು ಆ ಬೆರಳಿನ ತುದಿ ನುಣ್ಣಗಾಗಿಬಿಟ್ಟಿತ್ತು. ಗೆರೆಗಳು ಮೂಡಲಿಲ್ಲ, ಬರೀ ನೀಲಿ ಕಲೆ ಮೂಡಿತು. ಇನ್ನೊಮ್ಮೆ ಒತ್ತಲೇನು ಎಂದು ಕೇಳಿದಳು. ಸಾಕು ಎಂದೆ. ಫೋಟೋ ಮತ್ತು ನಕಲನ್ನು ಪಿನ್ ಹೊಡೆದು, ಅವಳು ನೋಡುತ್ತಿದ್ದಂತೆ, ಕಟ್ಟಿನ ಮೇಲೆಯೇ ಇಟ್ಟೆ.

ಪ್ರಶ್ನೆಗಳಿಗೆಲ್ಲ ನಾನೇ ಟಿಕ್ ಹಾಕಿದೆ. ನನ್ನ ಓಣಿಯ ಹೆಂಗಸರು ಏನು ಉತ್ತರ ಕೊಡುತ್ತಾರೆ ಎಂದು ನನಗೆ ಗೊತ್ತಿಲ್ಲವೇ ಎಂಬ ಧಿಮಾಕು. ಹದಿನಾಲ್ಕನೆಯ ಪ್ರಶ್ನೆ, ನೀವು ಯಾರ ಸಲಹೆಯಂತೆ ಮತ ಹಾಕುತ್ತೀರಿ? ಅದಕ್ಕೆ ಸಾಲಾಗಿ, ಮನೆಯ ಗಂಡಸರ ಸಲಹೆಯಂತೆ, ಮನೆಯ ಗಂಡಸರ ಸಲಹೆಯಂತೆ ಎಂದು ಟಿಕ್ ಹಾಕುತ್ತ ಹೋದೆ. ಪುಸ್ತಕಗಳೂ ಹಾಗೇ ಹೇಳಿದ್ದವು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ಹಾಳೆಗಳ ಕಟ್ಟನ್ನು ತರಿಸಿದರು. ಎಲ್ಲಕ್ಕಿಂತ ಮೇಲಿದ್ದದ್ದನ್ನು ಕೈಗೆತ್ತಿಕೊಂಡರು. ಕಾಕಿಯದು. ಫೋಟೋ, ಝೆರಾಕ್ಸುಗಳನ್ನು ನಾನು ಮೊದಲೇ ಬಿಚ್ಚಿ ತೆಗೆದಿದ್ದೆ. ಅವರ ಕೈಯಲ್ಲಿದ್ದ ಹಾಳೆಯನ್ನು ನಾನು ಎದುರಿನಿಂದ ತಲೆಕೆಳಗಾಗಿ ಓದುತ್ತಿದ್ದೆ. ವೈವಾಹಿಕ ಸ್ಥಿತಿ, ವಿಧವೆ. ಮನೆಯಲ್ಲಿರುವ ಸದಸ್ಯರು, ಒಬ್ಬರು. ಮತ ಹಾಕುವುದು, ಮನೆಯ ಗಂಡಸರ ಸಲಹೆಯಂತೆ. ಅವರು ಪುಟ ತಿರುವಿ, ಕೊನೆಯಲ್ಲಿದ್ದ ನೀಲಿ ಕಲೆಯನ್ನು ಜೊತೆಯಲ್ಲಿದ್ದವರಿಗೆ ತೋರಿಸಿದರು.

"ನೋಡಿ, ಇದು ದುಡಿಯುವ ಕೈ. ಈ ಹುಡುಗಿ ನಿಜವಾಗಿಯೂ ಹಳ್ಳಿಗೆ ಹೋಗಿದ್ದಾಳೆ."

ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಎಂದುಕೊಂಡರು.

ಫಲಿತಾಂಶ ಬಂದಾಗ ಅವ್ವ ಓಣಿಗೆಲ್ಲ ಪೇಡೆ ಹಂಚಿದಳು. ಕಾಕಿ ಖಣಿಯ ಧೂಳಿನಲ್ಲೇ ಬಂದು, ನನ್ನ ಗಲ್ಲ ಸವರಿ, ಕೈ ಕೊಳಕಾಗಿದೆ ಎಂದು ತಾನೇ ಸೆರಗಿನಿಂದ ಒರೆಸಿದಳು. ಆಮೇಲೆ ಕೇಳಿದಳು.

"ನಂದ ಕಾಗದ ಎಲ್ಲಿ ತನಕ ಬಂತು?"

"ಆಗ್ಲಿಕತ್ತದ ಕಾಕಿ," ಎಂದೆ.

ಇಷ್ಟು ಹೊತ್ತಿಗೆ ಸುಳ್ಳು ಹೇಳುವುದು ಸುಲಭವಾಗಿತ್ತು. ಉಳಿದವರು ನಾಲ್ಕು ತಿಂಗಳಲ್ಲಿ ಮರೆತಿದ್ದರು. ಎಷ್ಟೋ ಕಾಗದಕ್ಕೆ ಬೆಟ್ಟು ಒತ್ತಿ ಏನೂ ಬರದೇ ಹೋದದ್ದು ಅವರಿಗೆ ಹೊಸದಲ್ಲ. ಕಾಕಿ ಮಾತ್ರ ಮರೆಯಲಿಲ್ಲ, ಏಕೆಂದರೆ ಈ ಸಲ ಕಾಗದ ಒಯ್ದವಳು ನಾನಾಗಿದ್ದೆ.

ಮುಂದೆ ನಾನು ಸೇಡಂನಲ್ಲಿ ಕೋಣೆ ಹಿಡಿದು, ಕಾಲೇಜೊಂದರಲ್ಲಿ ಪಾಠ ಮಾಡುತ್ತ, ಅಧ್ಯಾಪಕರ ಅರ್ಹತಾ ಪರೀಕ್ಷೆಗೆ ಓದತೊಡಗಿದೆ. ಆ ಮಳೆಗಾಲದಲ್ಲಿ ಒಂದು ಸಂಜೆ ಅವ್ವನ ಫೋನು ಬಂತು. ಊರಿಗೆ ಪಿಂಚಣಿ ಶಿಬಿರ ಬಂದಿದೆ, ತಹಶೀಲ್ ಕಚೇರಿಯವರು ಶಾಲೆಯಲ್ಲೇ ಕುಳಿತು ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ, ನಾಳೆಯೂ ಇರುತ್ತಾರೆ.

"ನಿಮ್ಮ ಕಾಕಿ ಹೋಗ್ಲೇ ಇಲ್ಲ," ಎಂದಳು ಅವ್ವ. "ನಂದ ಮೊದಲೇ ಕೊಟ್ಟೀನಿ, ಹುಡುಗಿ ಕೈಯಾಗ ಅದ, ಎರಡ ಸಲ ಕೊಟ್ರ ಎರಡೂ ಕೆಡ್ತಾವ ಅಂತಾಳ. ನಾ ಏನ ಹೇಳಲಿ ಆಕಿಗಿ?"

ಇನ್ನೊಂದು ದಿನ ಇತ್ತು. ಇಡೀ ಒಂದು ದಿನ. ಹೋಗು ಎಂದು ಹೇಳಿಸಿದ್ದರೆ ಸಾಕಿತ್ತು. ಆದರೆ ಹೋಗು ಎಂದರೆ, ಹಾಗಾದರೆ ಮೊದಲಿನ ಕಾಗದ ಏನಾಯಿತು ಎಂದು ಕೇಳುತ್ತಾಳೆ. ಅದು ಓಣಿಗೆಲ್ಲ ತಿಳಿಯುತ್ತದೆ. ಎಂ.ಎ. ಪಾಸಾದವಳು ಎಂದು ಕಂಡಕಂಡಲ್ಲಿ ಹೇಳಿಕೊಂಡು ತಿರುಗುವ ಅಪ್ಪನ ಕಿವಿಗೂ ಬೀಳುತ್ತದೆ.

"ನಾ ನೋಡಿ ಹೇಳ್ತೀನಿ," ಎಂದು ಫೋನಿಟ್ಟೆ. ಮರುದಿನ ಮೂರು ತರಗತಿ ತೆಗೆದುಕೊಂಡೆ. ಒಂದರಲ್ಲಿ ಕಲ್ಯಾಣ ರಾಜ್ಯದ ಪರಿಕಲ್ಪನೆ ಪಾಠ ಮಾಡಿದೆ. ಚೆನ್ನಾಗಿಯೇ ಮಾಡಿದೆ. ಸಂಜೆಯಾಯಿತು, ಶಿಬಿರ ಮುಗಿಯಿತು. ನನ್ನ ಜೀವನದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಅತ್ಯಂತ ಕೆಟ್ಟದ್ದು ಹೆಬ್ಬೆಟ್ಟು ಒತ್ತಿಸಿಕೊಂಡದ್ದಲ್ಲ, ಆ ಒಂದು ದಿನ ಸುಮ್ಮನಿದ್ದದ್ದು.

ಪಂಚಮಿಗೆ ಊರಿಗೆ ಹೋದಾಗ ಕಾಕಿ ಮತ್ತೆ ಕೇಳಿದಳು. ಶಿಬಿರದಲ್ಲಿ ಕೊಟ್ಟವರಿಗೆ ಮಂಜೂರಾತಿ ಪತ್ರ ಬರತೊಡಗಿತ್ತು. ಇನ್ನು ಆಗುತ್ತಿದೆ ಎನ್ನುವ ಹಾಗಿರಲಿಲ್ಲ.

"ವಾಪಸ ಬಂದದ ಕಾಕಿ," ಎಂದೆ.

"ಯಾಕ?"

ನನಗೆ ಏನೂ ಹೊಳೆಯಲಿಲ್ಲ. ಅವಳ ಕೈ ಕಣ್ಣಿಗೆ ಬಿತ್ತು. "ಬೆಟ್ಟು ಸರಿಯಾಗಿ ಮೂಡಿಲ್ಲಂತ," ಎಂದುಬಿಟ್ಟೆ.

ಕಾಕಿ ತಕ್ಷಣ ನಂಬಿದಳು. ರೇಷನ್ ಅಂಗಡಿಯ ಮಷೀನಿನ ಮೇಲೂ ಅವಳ ಬೆರಳು ಮೂರು ನಾಲ್ಕು ಸಲ ಒತ್ತಿದ ಮೇಲೆಯೇ ಹಿಡಿಯುತ್ತಿತ್ತು. ಅಂಗೈ ಮೇಲೆ ಮಾಡಿ, ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. "ಹೌದ ನೋಡು, ಇದೇ ಕೆಟ್ಟದ," ಎಂದಳು. ನಾನು ಹೋಳಿಗೆ ತಿನ್ನುತ್ತಿದ್ದೆ. ಮುಂದಿನ ತುತ್ತು ನುಂಗಿದೆ ಎನ್ನುವುದೂ ನೆನಪಿದೆ.

ಆಮೇಲೆ ಎರಡು ವರ್ಷ. ಊರಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಪರೀಕ್ಷೆ, ಪೇಪರ್ ತಿದ್ದುವುದು, ಏನಾದರೊಂದು ನೆಪ. ಕಾಕಿಯ ಸುದ್ದಿ ಅವ್ವನ ಬಾಯಿಂದ ಬರುತ್ತಿತ್ತು. ಸಂಜೆ ಖಣಿಯಿಂದ ಬಂದು ಬೆರಳನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಕೂಡುತ್ತಾಳೆ. ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತುತ್ತಾಳೆ. ಖಣಿಯಲ್ಲಿ ಎಡಗೈಯಿಂದ ಸುತ್ತಿಗೆ ಹಿಡಿಯಲು ಹೋಗಿ ಒಮ್ಮೆ ಮುಂಗಾಲಿಗೆ ಹೊಡೆದುಕೊಂಡಳು. ಅವ್ವ ಇದನ್ನೆಲ್ಲ ಹೇಳಿ, ಸ್ವಲ್ಪ ಹೊತ್ತು ಫೋನಿನಲ್ಲಿ ಸುಮ್ಮನೆ ಇರುತ್ತಿದ್ದಳು. ಆ ಸುಮ್ಮನೆ ಇರುವುದು ಈಗ ಒಪ್ಪಿಗೆಯಲ್ಲ ಎಂದು ನನಗೆ ತಿಳಿಯುತ್ತಿತ್ತು. ಹೊಸದಾಗಿ ಅರ್ಜಿ ಹಾಕು ಎಂದು ಅವ್ವ ಹೇಳಿ ನೋಡಿದಳಂತೆ. ಬೆರಳು ಸುಧಾರಿಸಲಿ, ಇಲ್ಲದಿದ್ದರೆ ಮತ್ತೆ ವಾಪಸು ಬರುತ್ತದೆ ಎಂದು ಕಾಕಿ ಒಪ್ಪಲಿಲ್ಲ.

ಹೋದ ವರ್ಷ, ಒಂದು ಮಂಗಳವಾರ, ಎರಡನೆಯ ಪಿರಿಯಡ್ ಮುಗಿಸಿ ಹೊರಗೆ ಬಂದರೆ ಕಾಲೇಜಿನ ವರಾಂಡದ ಬೆಂಚಿನ ಮೇಲೆ ಕಾಕಿ ಕುಳಿತಿದ್ದಳು. ಚಿತ್ತಾಪುರದಿಂದ ರೈಲು ಹತ್ತಿ, ಕೇಳಿಕೊಂಡು ಕೇಳಿಕೊಂಡು ಬಂದಿದ್ದಳು. ಒಗೆದ ಸೀರೆ ಉಟ್ಟಿದ್ದಳು. ಹುಡುಗ ಹುಡುಗಿಯರು ನನಗೆ ನಮಸ್ಕಾರ ಮಾಡುತ್ತ ಹೋಗುವುದನ್ನು ಕಂಡು ಅವಳ ಮುಖ ಅರಳಿತ್ತು.

"ಸೇಡಂದಾಗ ಚರ್ಮದ ಡಾಕ್ಟರ್ ಬರ್ತಾರಂತ," ಎಂದಳು. "ಇದಕ್ಕ ಇಲಾಜ್ ಅದೇನ ಕೇಳಿ ಬರೂಣು ನಡಿ. ನಾ ಹೇಳಿದ್ರ ನಗ್ತಾರ. ನೀ ಹೇಳಿದ್ರ ಕೇಳ್ತಾರ."

ಹೆಬ್ಬೆಟ್ಟನ್ನು ನನ್ನ ಮುಂದೆ ಚಾಚಿದಳು. ಎಣ್ಣೆ ಹಚ್ಚಿ ಹಚ್ಚಿ ಅದು ಮಿಂಚುತ್ತಿತ್ತು.

ನಾನು ಅವಳ ಪಕ್ಕ ಕುಳಿತೆ. ಹೇಗೆ ಹೇಳಿದೆನೋ ಗೊತ್ತಿಲ್ಲ, ಕ್ರಮವಾಗಿ ಹೇಳಲಿಲ್ಲ. ಬೆರಳು ಕೆಟ್ಟಿಲ್ಲ ಕಾಕಿ ಎಂದೆ. ಕಾಗದ ವಾಪಸು ಬಂದಿಲ್ಲ, ಅದು ಹೋಗಲೇ ಇಲ್ಲ, ಅದು ಪಗಾರದ ಕಾಗದವೇ ಅಲ್ಲ, ನನ್ನ ಓದಿನದು, ನನಗೆ ನೂರು ಬೆಟ್ಟು ಬೇಕಾಗಿತ್ತು, ಅದಕ್ಕೆ ಒತ್ತಿಸಿಕೊಂಡೆ ಎಂದೆ. ಶಿಬಿರದ ಎರಡನೆಯ ದಿನದ ವಿಷಯವನ್ನೂ ಹೇಳಿದೆ. ಅದನ್ನು ಹೇಳದೆ ಬಿಡಬಹುದಿತ್ತು, ಅವಳಿಗೆ ಗೊತ್ತೇ ಇರಲಿಲ್ಲ. ಹೇಳಿದೆ.

ಕಾಕಿ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಹೆಬ್ಬೆಟ್ಟನ್ನು ಇನ್ನೊಂದು ಕೈಯಿಂದ ಮೆಲ್ಲಗೆ ತಿಕ್ಕುತ್ತ ಕುಳಿತಳು. ಗಂಟೆ ಹೊಡೆಯಿತು, ಹುಡುಗರು ತರಗತಿಗಳಿಗೆ ಹೋದರು, ವರಾಂಡ ಖಾಲಿಯಾಯಿತು.

"ಎರಡ ವರ್ಷ ನಾ ಈ ಕೈಗಿ ಬೈಕೋತ ಕುಂತೆ," ಎಂದಳು.

ತಪ್ಪಾಯಿತು ಎಂದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ.

"ಚಿತ್ತಾಪುರದಾಗ ಆಫೀಸ್ ಎಷ್ಟರ ತನಕ ಇರ್ತದ?" ಎಂದು ಕೇಳಿದಳು.

ಉಳಿದ ತರಗತಿ ಬಿಟ್ಟು ಅವಳನ್ನು ಬಸ್ಸಿನಲ್ಲಿ ಚಿತ್ತಾಪುರಕ್ಕೆ ಕರೆದುಕೊಂಡು ಹೋದೆ. ದಾರಿಯಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಫೋಟೋ, ಸಾವಿನ ಪತ್ರದ ನಕಲು ನನ್ನ ಕೋಣೆಯಲ್ಲೇ ಒಂದು ಲಕೋಟೆಯಲ್ಲಿದ್ದವು, ಬರುವಾಗ ತೆಗೆದುಕೊಂಡಿದ್ದೆ. ಆ ಫೋಟೋವನ್ನು ಅವಳು ಒಂದು ಸಲ ನೋಡಿ ಮಡಿಲಲ್ಲಿ ಮಗುಚಿ ಇಟ್ಟುಕೊಂಡಳು.

ಓದುವವರಿಗೆ ಆತಂಕ ಬೇಡ, ಅರ್ಜಿ ಮುಂದೆ ಮಂಜೂರಾಯಿತು. ಕಾಕಿ ಖಣಿ ಬಿಟ್ಟು ಈಗ ಚಂದಾಪುರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಹಿಂದಿನ ಎರಡು ವರ್ಷದ್ದು ಬರುವುದಿಲ್ಲ, ಅರ್ಜಿ ಹಾಕದ ದಿನಗಳಿಗೆ ಯಾರೂ ಕೊಡುವುದಿಲ್ಲ. ಅವಳ ಮೊಣಕಾಲುಗಳಿಂದ ಆ ಎರಡು ವರ್ಷವನ್ನು ತೆಗೆಯಲೂ ಆಗುವುದಿಲ್ಲ. ನಾನು ಎರಡು ಸಲ ಚಂದಾಪುರಕ್ಕೆ ಹೋಗಿ ಬಂದೆ. ಚಹಾ ಕೊಟ್ಟಳು, ಊಟಕ್ಕೆ ಕುಂದ್ರಿ ಎಂದಳು. ಮೊದಲೆಲ್ಲ ನನಗೆ ಏಕವಚನದಲ್ಲಿ ಕುಂದರು ಎನ್ನುತ್ತಿದ್ದಳು.

ಆದರೆ ನನಗೆ ದಿನವೂ ಕಣ್ಣ ಮುಂದೆ ಬರುವುದು ಆ ಮಂಗಳವಾರದ ಕಚೇರಿ. ಕಿಟಕಿಯಾಚೆ ಕಂಪ್ಯೂಟರಿನ ಮುಂದೆ ಚಿಕ್ಕ ವಯಸ್ಸಿನ ಆಪರೇಟರ್ ಒಬ್ಬನಿದ್ದ. ಅರ್ಜಿ ನಮೂನೆಯನ್ನು ನಾನೇ ತುಂಬಿದೆ. ಅಕ್ಷರ ದುಂಡಗೆ, ಒಂದು ಚಿತ್ತೂ ಇಲ್ಲದ ಹಾಗೆ. ಹಿಂದೆ ಹತ್ತು ಹದಿನೈದು ಜನರ ಸಾಲು. ಆಪರೇಟರ್ ಇಂಕಿನ ಪ್ಯಾಡು ಈಚೆಗೆ ಸರಿಸಿ, ಕೆಳಗೆ ಬೆಟ್ಟು ಹಾಕಿಸಿರಿ ಎಂದ. ನಾನು ಅಭ್ಯಾಸದಂತೆ ಕಾಕಿಯ ಕೈ ಹಿಡಿಯಲು ಹೋದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಮೊದಲ ಓದಿ ಹೇಳ್ಬೇಕು," ಎಂದಳು. "ಇದರಾಗ ಏನೇನ ಬರದದ, ಪೂರಾ."

ನಾನು ಅರ್ಜಿ ಎತ್ತಿಕೊಂಡು, ಗಂಟಲು ಸರಿಮಾಡಿಕೊಂಡು, ಮೊದಲ ಸಾಲು ಓದತೊಡಗಿದೆ. ಕಾಕಿ ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ಕಸಿದುಕೊಳ್ಳಲಿಲ್ಲ, ಮೆಲ್ಲಗೆ ಬಿಡಿಸಿಕೊಂಡಳು. ಕಿಟಕಿಯ ಒಳಗೆ ಚಾಚಿದಳು.

"ನೀವ ಓದ್ರಿ ಸಾಹೇಬ್ರ," ಎಂದಳು. "ಆಕಿ ಬ್ಯಾಡ."

ಆಪರೇಟರ್ ಒಮ್ಮೆ ನನ್ನ ಮುಖ, ಒಮ್ಮೆ ಅವಳ ಮುಖ ನೋಡಿದ. ಹಿಂದಿನವರು ಗೊಣಗಿದರು. ಅವನು ಹೆಸರಿನಿಂದ ಹಿಡಿದು ಕೊನೆಯ ಸಾಲಿನ ತನಕ ಗಟ್ಟಿಯಾಗಿ ಓದಿದ. ಕಾಕಿ ಒಂದೊಂದಕ್ಕೂ ಹೂಂ ಎನ್ನುತ್ತ ಕೇಳಿದಳು. ಆಮೇಲೆ ತಾನೇ ಹೆಬ್ಬೆಟ್ಟನ್ನು ಇಂಕಿ‌ಗೆ ಒತ್ತಿ, ತಾನೇ ಕಾಗದಕ್ಕೆ ಒತ್ತಿದಳು. ನಾನು ಸಾಲಿನಿಂದ ಸ್ವಲ್ಪ ಆಚೆ, ಅವಳ ಚೀಲ ಹಿಡಿದುಕೊಂಡು ನಿಂತಿದ್ದೆ.